ಜ್ವರಕ್ಕೆ ಕೂತ ಕೂಸು

ನನ್ನ ಮಗಳು ಹುಟ್ಟಿದ ಮೇಲೆ ಮೊದಲ ಒಂದೂವರೆ ತಿಂಗಳು ಮಾಡಿದ್ದು ಒಂದೇ ಕೆಲಸ. ನಿದ್ದೆ. ಹಾಲು ಕುಡಿಯುವುದನ್ನೂ ಅವಳು ನಿದ್ದೆಗೇ ಸೇರಿಸಿಕೊಂಡಿದ್ದಳು. ಎದೆಗೆ ಹಾಕಿಕೊಂಡರೆ ಹತ್ತು ಗುಟುಕು ಜೋರಾಗಿ ಎಳೆಯುವಳು. ಸದ್ಯ, ಇವತ್ತು ದಾರಿಗೆ ಬಂದಳು ಅಂದುಕೊಳ್ಳುವಷ್ಟರಲ್ಲಿ ದವಡೆ ನಿಲ್ಲುವುದು, ಕಣ್ಣು ಮುಚ್ಚುವುದು, ಮುಷ್ಟಿ ಬಿಚ್ಚಿಕೊಳ್ಳುವುದು. ತುಟಿಯಂಚಿನಲ್ಲಿ ಹಾಲು ಇಳಿಸಿಕೊಂಡು, ಮದುವೆ ಮನೆಯಲ್ಲಿ ಹೋಳಿಗೆ ತಿಂದು ಕಂಬಕ್ಕೊರಗಿದ ಬೀಗರ ಹಾಗೆ ಮಲಗಿಬಿಡುವಳು. ಹೊಟ್ಟೆಗೆ ಏನೂ ಹೋಗಿಲ್ಲ ಅನ್ನುವುದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ನಾನಾಗ ತವರಿನಲ್ಲಿ ಬಾಣಂತಿ. ತೊಂಬತ್ತರ ದಶಕದ ನಡುಗಾಲ. ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ಬಸ್ಸಿನಿಂದ ಇಳಿದು, ಕಾಲುವೆ ಏರಿಯ ಮೇಲೆ ಅರ್ಧ ಮೈಲಿ ನಡೆದರೆ ನನ್ನ ತವರೂರು. ಗಂಡನ ಮನೆ ಶ್ರೀರಂಗಪಟ್ಟಣದಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರ. ನಮ್ಮವರು ಅಲ್ಲಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಸಹಿ ಇಲ್ಲದ ಅರ್ಜಿಯನ್ನು ದೂರದಿಂದಲೇ ಗುರುತಿಸುತ್ತಿದ್ದರು, ಆದರೆ ಎಮ್ಮೆಗೂ ಹಸುವಿಗೂ ಕತ್ತಲಲ್ಲಿ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ತವರಿನಲ್ಲಿ ನಾವಿದ್ದದ್ದು ಅವ್ವ, ಅಪ್ಪ, ನಾನು, ಕೂಸು ಮತ್ತು ರೇಷ್ಮೆ ಹುಳುಗಳು. ಹುಳುಗಳನ್ನು ಕೊನೆಗೆ ಹೇಳಿದ್ದು ತಪ್ಪು. ಆ ಮನೆಯಲ್ಲಿ ಮರ್ಯಾದೆ ಮೊದಲು ಸಲ್ಲುತ್ತಿದ್ದದ್ದು ಅವಕ್ಕೇ. ಗಾಳಿ ಬೆಳಕು ಇದ್ದ ದೊಡ್ಡ ಕೋಣೆಯಲ್ಲಿ ಬಿದಿರಿನ ತಟ್ಟೆಗಳ ಮೇಲೆ ಹುಳುಗಳ ಸಂಸಾರ. ಪಕ್ಕದ ಸಣ್ಣ ಕೋಣೆಯಲ್ಲಿ ನನ್ನ ಸಂಸಾರ. ಹುಳುಗಳಿಗೆ ವಾಸನೆ ಆಗಿಬರುವುದಿಲ್ಲವೆಂದು ಬಾಣಂತಿಯ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಬಂದ್ ಆಯಿತು. ಕೂಸಿಗೆ ನೀರು ಹಾಕಿದ ಮೇಲೆ ಹೊಗೆ ಹಿಡಿಯಲು ಅವ್ವ ಹಿತ್ತಲಿನ ಹುಲ್ಲಿನ ಮೆದೆಯ ಆಚೆಗೆ ಹೋಗುತ್ತಿದ್ದಳು. ಅದನ್ನು ನೋಡಿದ ಪಕ್ಕದ ಮನೆಯವರು ಇವಳೇನು ಕದ್ದು ಬೀಡಿ ಸೇದುತ್ತಾಳಾ ಎಂದು ಕೇಳಿದ್ದರು.

ಹುಳು ಸಾಕುವವರ ಮನೆಯ ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿಕೊಂಡು, ಒಂದು ದಿನ ಅಲ್ಲಾಡದೆ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಕಾಯಿಲೆ ಅಲ್ಲ, ಮೈ ಸುಡುವುದೂ ಇಲ್ಲ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ, ಸದ್ದು ಮಾಡುವಂತಿಲ್ಲ. ಎದ್ದ ಮೇಲೆ ಹಸಿದು ತಾವೇ ತಿನ್ನುತ್ತವೆ. ಅವ್ವ ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳು. ಜಗತ್ತಿನಲ್ಲಿ ಮಲಗಿರುವುದೆಲ್ಲವೂ ಜ್ವರಕ್ಕೆ ಕೂತಿದೆ ಎಂದೇ ಅವಳ ನಂಬಿಕೆ.

ಕೂಸಿಗೆ ಒಂದೂವರೆ ತಿಂಗಳಾದಾಗ ಪಾಂಡವಪುರದ ಆಸ್ಪತ್ರೆಗೆ ಚುಚ್ಚುಮದ್ದಿಗೆ ಕರೆದುಕೊಂಡು ಹೋದೆವು. ನರ್ಸಮ್ಮ ಅವಳನ್ನು ತಕ್ಕಡಿಯಲ್ಲಿ ಮಲಗಿಸಿ, ಮುಳ್ಳು ನೋಡಿ, ಕಾರ್ಡು ನೋಡಿ, ಮತ್ತೆ ಮುಳ್ಳು ನೋಡಿದರು. ಹುಟ್ಟಿದಾಗಿನ ತೂಕಕ್ಕೆ ಒಂದು ಬೆಲ್ಲದಚ್ಚಿನಷ್ಟೂ ಸೇರಿರಲಿಲ್ಲ.

“ಹಾಲು ಇದೆಯಾ?” ಎಂದರು.

“ಇದೆ. ಕುಡಿಯೋಕೆ ಅವಳಿಗೆ ಪುರುಸೊತ್ತಿಲ್ಲ. ನಿದ್ದೆ ಮಾಡ್ತಾಳೆ” ಎಂದೆ.

ನರ್ಸಮ್ಮ ನಗಲಿಲ್ಲ. “ನೋಡಮ್ಮ, ಎರಡು ಗಂಟೆಗೊಂದು ಸಲ ಎಬ್ಬಿಸಿ ಕುಡಿಸಬೇಕು. ರಾತ್ರಿಯೂ ಅಷ್ಟೆ. ಹದಿನೈದು ದಿನ ಬಿಟ್ಟು ಬನ್ನಿ. ತೂಕ ಏರಿರಬೇಕು. ಏರದೇ ಇದ್ರೆ ಮಂಡ್ಯದ ದೊಡ್ಡಾಸ್ಪತ್ರೆಗೆ ಬರ್ಕೊಡ್ತೀವಿ. ಅಲ್ಲಿ ಮೂಗಿಗೆ ಸಣ್ಣ ನಳಿಗೆ ಹಾಕಿ ಹಾಲು ಕೊಡ್ತಾರೆ.”

ಆ ನಳಿಗೆಯ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಬಸ್ಸಿನಲ್ಲಿ ಕೂಸಿನ ಮೂಗನ್ನು ನೋಡುತ್ತಾ ಬಂದೆ. ಆ ಮೂಗಿನಲ್ಲಿ ನನ್ನ ಕಿರುಬೆರಳಿನ ಉಗುರೂ ಹಿಡಿಯುತ್ತಿರಲಿಲ್ಲ. ಭಯವಾಯಿತು, ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಹಾಲಿರುವ ತಾಯಿಯ ಮಗುವಿಗೆ ನಳಿಗೆ ಯಾಕೆ ಎಂದು ನನ್ನಷ್ಟಕ್ಕೆ ಜಗಳವಾಡಿದೆ. ಮನೆ ತಲುಪುವಷ್ಟರಲ್ಲಿ ನಿಶ್ಚಯ ಮಾಡಿದ್ದೆ, ಹದಿನೈದು ದಿನ ಈ ಹುಡುಗಿಯೂ ಮಲಗಬಾರದು, ನಾನೂ ಮಲಗಬಾರದು.

ಮಗುವನ್ನು ಎಬ್ಬಿಸುವುದು ಸುಲಭ ಎಂದು ತಿಳಿದವರು ಮಲಗು ಎಂದು ಬೇಡಿಕೊಂಡಾಗ ಎದ್ದು ಕೂರುವ ಮಕ್ಕಳನ್ನು ಮಾತ್ರ ಕಂಡಿರುತ್ತಾರೆ. ಅಂಗಾಲು ಕೆರೆದೆ. ಕಾಲು ಎಳೆದುಕೊಂಡು ಮಲಗಿದಳು. ಒದ್ದೆ ಬಟ್ಟೆಯಲ್ಲಿ ಹಣೆ ಒರೆಸಿದೆ. ತಂಪಾಯಿತೆಂದು ಇನ್ನೂ ಚೆನ್ನಾಗಿ ಮಲಗಿದಳು. ಬಟ್ಟೆ ಬಿಚ್ಚಿದೆ, ಗಲ್ಲ ಸವರಿದೆ, ಕಿವಿಯ ತುದಿ ಹಿಂಡಿದೆ, ಎದೆ ಬದಲಾಯಿಸಿದೆ. ಬದಲಾಯಿಸಿದಾಗ ಒಂದು ಕಣ್ಣು ಮಾತ್ರ ತೆರೆದು ನನ್ನನ್ನು ನೋಡಿದಳು. ಕಚೇರಿ ಮುಚ್ಚಿದ ಮೇಲೆ ಬಂದ ಅರ್ಜಿದಾರನನ್ನು ನೋಡುವಾಗ ಅವಳಪ್ಪನ ಮುಖ ಹಾಗೇ ಇರುತ್ತದೆ. ನಾಲ್ಕು ಗುಟುಕು ಎಳೆದು ಆ ಕಣ್ಣನ್ನೂ ಮುಚ್ಚಿಕೊಂಡಳು.

ಗೋಡೆಯಾಚೆ ಅವ್ವನೂ ಎದ್ದಿರುತ್ತಿದ್ದಳು. ಹುಳುಗಳಿಗೆ ರಾತ್ರಿಯೂ ಸೊಪ್ಪು ಹಾಕಬೇಕಲ್ಲ. ನನ್ನ ಒದ್ದಾಟ ಕೇಳಿ ಬಾಗಿಲಿಗೆ ಬಂದು ನಿಂತು ಬೈಯುತ್ತಿದ್ದಳು.

“ಯಾಕವ್ವ ಮಲಗಿರೋ ಕೂಸ್ನ ಇಂಗೆ ಗೋಳುಯ್ಕತೀಯ? ಜ್ವರಕ್ಕೆ ಕೂತಿರೋ ಉಳೀಗೆ ಯಾರಾರ ಸೊಪ್ಪಾಕ್ತಾರಾ? ಅಸಿವಾದ್ರೆ ತಾನೇ ಏಳ್ತದೆ ಬುಡು.”

“ಇದು ಹುಳ ಅಲ್ಲ ಕಣವ್ವ, ಮಗು.”

“ಉಳೀಗಿರೋ ಬುದ್ಧಿ ನಿನ್ ಮಗೀಗಿಲ್ವಾ?”

“ಇಲ್ಲ. ಅದ್ಕೇ ಎಬ್ಬಿಸ್ತಿರೋದು.”

“ನರ್ಸಮ್ಮ ಯೋಳುದ್ಲು ಅಂತ ಕೂಸ್ನ ಸಾಯಿಸ್ಬ್ಯಾಡ” ಎಂದು ಗೊಣಗುತ್ತಾ ತನ್ನ ಕೋಣೆಗೆ ಹೋಗುವಳು. ನಾನು ಹೀಗೆ ಬೈಸಿಕೊಂಡದ್ದಕ್ಕೆ ಕೂಸು ಕೃತಜ್ಞತೆಯಿಂದಾದರೂ ಎರಡು ಗುಟುಕು ಕುಡಿಯಬಹುದಿತ್ತು. ಕುಡಿಯಲಿಲ್ಲ.

ಹೀಗೆ ನಾಲ್ಕು ದಿನ ಕಳೆದವು. ಐದನೆಯ ದಿನ ನಮ್ಮವರ ಫೋನು ಬಂತು. ಊರಿಗೆಲ್ಲ ಇದ್ದ ಒಂದು ಫೋನು ಬಸ್‌ಸ್ಟಾಪಿನ ಅಂಗಡಿಯಲ್ಲಿ. ಬಾಣಂತಿ ಸಂಜೆ ಹೊತ್ತು ಹೊರಗೆ ಹೋಗಬಾರದೆಂದು ಅಪ್ಪ ಹೋದ. ಅಪ್ಪನಿಗೆ ಹುಳುಗಳ ಮೇಲೆ ಬಹಳ ಪ್ರೀತಿ, ಹುಳು ಎಂದು ಕರೆಯುತ್ತಲೇ ಇರಲಿಲ್ಲ. ಐಕ್ಳು ಅನ್ನುತ್ತಿದ್ದ. ನಮ್ಮ ಕಡೆ ಐಕ್ಳು ಅಂದರೆ ಮಕ್ಕಳು. ಅವತ್ತು ಆ ಐಕ್ಳು ಮೂರನೇ ಜ್ವರಕ್ಕೆ ಕೂತಿದ್ದವು. ಫೋನಿನಲ್ಲಿ ಏನು ನಡೆಯಿತೆಂದು ಆಮೇಲೆ ಅಪ್ಪನಿಂದ ಒಂದು ಸಲ, ನಮ್ಮವರಿಂದ ನೂರು ಸಲ ಕೇಳಿದ್ದೇನೆ. ಇಬ್ಬರ ಮಾತೂ ತಾಳೆಯಾಗುತ್ತದೆ.

“ಎಲ್ಲ ಚೆನ್ನಾಗಿದ್ದೀರಾ ಮಾವ?”

“ಏನ್ ಚೆಂದ ಅಳಿಯಂದ್ರೆ, ಐಕ್ಳು ಮೂರನೇ ಜ್ವರಕ್ಕೆ ಕೂತವೆ.”

“ಜ್ವರವಾ? ಮೂರನೇ ಸಲವಾ?”

“ಊಂ. ಎರಡನೇದ್ರಲ್ಲಿ ಸುಖವಾಗ್ ಎದ್ದೋ. ಇದು ವಸಿ ತಡ ಆಯ್ತಾ ಅದೆ. ಬಾಯಿಗೆ ಏನೂ ಮುಟ್ಟುಸ್ತಾ ಇಲ್ಲ, ತಲೆ ಎತ್ಕಂಡು ಅಂಗೇ ಬಿದ್ದವೆ.”

“ಡಾಕ್ಟರಿಗೆ ತೋರಿಸಿದ್ರಾ?”

“ಇದ್ಕೆಲ್ಲ ಯಾವ ಡಾಕ್ಟ್ರು ಬುಡಿ. ಸುಣ್ಣದ ಪುಡಿ ಉದುರ್ಸಿವ್ನಿ. ನಾಳೆ ಎದ್ರೆ ಎದ್ದೋ. ಏಳದೋದವನ್ನ ಆರಿಸಿ ತಿಪ್ಪೇಗೆ ಆಕದೆಯ.”

ಅಳಿಯನಿಗೆ ಎಲ್ಲ ಅರ್ಥವಾಯಿತೆಂದು ಅಪ್ಪ ಮುಂದುವರಿಸಿದ. “ಈ ಭಾನುವಾರ ನೀವು ಬರಬ್ಯಾಡಿ. ಇಂಥ ಒತ್ನಲ್ಲಿ ವರಗ್ಲೋರು ಬಂದ್ರೆ ಆಗಕ್ಕಿಲ್ಲ.” ಅಷ್ಟರಲ್ಲಿ ಲೈನು ಕಟ್ಟಾಯಿತು. ಅಪ್ಪ ಅಂಗಡಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ನೆಮ್ಮದಿಯಾಗಿ ಮನೆಗೆ ಬಂದ. ಏನು ಕೇಳಿದರು ಎಂದರೆ “ಎಲ್ಲಾ ಇಚಾರ್ಸುದ್ರು, ಪಾಪ, ಉಳೀನ ಬಗ್ಗೆ ಅಕ್ಕರೆ ಜಾಸ್ತಿ” ಎಂದ. ತಾಲ್ಲೂಕು ಕಚೇರಿಯಲ್ಲಿ ಒಂದು ಕೊಂಬು ಹೆಚ್ಚುಕಮ್ಮಿಯಾದರೆ ಅರ್ಜಿ ವಾಪಸ್ಸು ಕಳಿಸುವ ಮನುಷ್ಯನಿಗೆ, ತನಗಿರುವುದು ಒಂದೇ ಮಗು, ಮಾವ ಬಹುವಚನದಲ್ಲಿ ಮಾತಾಡುತ್ತಿದ್ದಾನೆ ಅನ್ನುವುದು ಹೊಳೆಯಲೇ ಇಲ್ಲ.

ರಾತ್ರಿ ಒಂಬತ್ತೂವರೆಗೆ ಬಾಗಿಲು ಬಡಿದ ಸದ್ದಾಯಿತು. ಕೊನೇ ಬಸ್ಸಿಗೆ ಬಂದು ಕಾಲುವೆ ಏರಿಯ ಮೇಲೆ ಟಾರ್ಚು ಹಿಡಿದು ಓಡಿಕೊಂಡು ಬಂದಿದ್ದವರು ನಮ್ಮವರು ಮತ್ತು ಅವರ ತಾಯಿ. ನಮ್ಮತ್ತೆಯ ವಿಚಾರ ಹೇಳಬೇಕು. ಹುಟ್ಟಿದ್ದು ನಾಗಮಂಗಲದ ಹೊಣಕೆರೆ ಕಡೆ. ಹೊಲದ ಈ ತುದಿಯಲ್ಲಿ ನಿಂತು ಆ ತುದಿಯವರನ್ನು ಊಟಕ್ಕೆ ಕರೆದು ಬೆಳೆದ ಗಂಟಲು. ಮದುವೆಯಾಗಿ ಬಂದದ್ದು ರೈಲ್ವೆ ಸ್ಟೇಷನ್ನಿನ ಪಕ್ಕಕ್ಕೆ. ರೈಲು ಹೋಗುವಾಗಲೂ ಮಾತು ನಿಲ್ಲಿಸದೆ ಆ ಗಂಟಲು ಇನ್ನೂ ಬಲಿತಿತ್ತು. ಅವರು ಕೈಯಲ್ಲಿ ಬೇವಿನ ಸೊಪ್ಪು, ನೀಲಗಿರಿ ಎಣ್ಣೆಯ ಬಾಟಲಿ ಹಿಡಿದು, ಬಾಗಿಲು ತೆರೆದ ಅಪ್ಪನನ್ನು ತಳ್ಳಿಕೊಂಡು ಒಳಗೆ ಬಂದರು. ಬೆಳಕಿದ್ದ ದೊಡ್ಡ ಕೋಣೆಯ ಕಡೆಗೇ ಇಬ್ಬರೂ ಚಪ್ಪಲಿ ಸಮೇತ ನುಗ್ಗಿದರು.

ಹುಳುಮನೆಗೆ ಚಪ್ಪಲಿಯಲ್ಲಿ ಹೋಗುವುದು ನಮ್ಮ ಕಡೆ ದೇವರ ಮನೆಗೆ ಹೋಗುವುದಕ್ಕಿಂತ ದೊಡ್ಡ ತಪ್ಪು. ಅದರ ಮೇಲೆ ನೀಲಗಿರಿ ಎಣ್ಣೆ. ಅವ್ವ ಎರಡೂ ಕೈ ಅಡ್ಡ ಹಿಡಿದು ಬಾಗಿಲಲ್ಲಿ ನಿಂತಳು.

“ಅಕ್ಕಾ, ಅದ್ನ ಒಳಕ್ಕೆ ತರಬ್ಯಾಡಿ, ಐಕ್ಳು ಸತ್ತೋಯ್ತವೆ.”

ಅತ್ತೆ ಅಲ್ಲೇ ಕುಸಿದು ಕುಳಿತು ಗೋಳಾಡಲು ಶುರು ಮಾಡಿದರು. “ನನ್ ಮೊಮ್ಮಗೀನ ಏನ್ ಮಾಡ್ಬುಟ್ರಿ. ಜ್ವರ ಬಂದ್ ಮೂರ್ ಸಲ ಆದ್ರೂ ಒಂದ್ ಮಾತ್ ಯೋಳ್ನಿಲ್ವಲ್ಲ. ಸುಣ್ಣ ಉದುರ್ಸುದ್ರಂತಲ್ಲ ಮಗಾ, ಸುಣ್ಣವಾ.” ನಮ್ಮವರು ಅಪ್ಪನ ತೋಳು ಹಿಡಿದು “ಮಾವ, ಮಗು ಎಲ್ಲಿ? ತಿಪ್ಪೆ ಎಲ್ಲಿ?” ಎಂದು ಕೇಳುತ್ತಿದ್ದರು. ಅಪ್ಪ ತಿಪ್ಪೆ ಹಿತ್ತಲಲ್ಲಿದೆ ಎಂದು ಸತ್ಯವನ್ನೇ ಹೇಳಿದ. ನಮ್ಮವರು ಟಾರ್ಚು ಹಿಡಿದು ಹಿತ್ತಲಿಗೆ ಓಡಿದರು.

ನಾನು ಕೋಣೆಯಿಂದ ಕೂಗಿದೆ. ಯಾರಿಗೂ ಕೇಳಲಿಲ್ಲ. ಅತ್ತೆಯ ಧ್ವನಿಯ ಮುಂದೆ ಯಾರ ಧ್ವನಿ ಕೇಳುತ್ತದೆ. ಆ ಧ್ವನಿಗೆ ಎಚ್ಚರವಾದದ್ದು ಒಬ್ಬಳಿಗೆ. ನನ್ನ ಮಡಿಲಲ್ಲಿದ್ದ ಕೂಸು ಎರಡೂ ಕಣ್ಣು ಅಗಲ ತೆರೆದು, ಇದ್ಯಾವ ಲೋಕ ಅನ್ನುವಂತೆ ಸುತ್ತ ನೋಡಿ, ಬಾಯಿ ತೆರೆದು ಕಿರುಚಿದಳು. ನಾನು ಹೊತ್ತು ಕಳೆಯದೆ ಎದೆಗೆ ಹಾಕಿಕೊಂಡೆ. ಕುಡಿದಳು. ಹತ್ತಕ್ಕೆ ನಿಲ್ಲಲಿಲ್ಲ, ಇಪ್ಪತ್ತಕ್ಕೂ ನಿಲ್ಲಲಿಲ್ಲ. ಗುಟುಕು ಗುಟುಕೂ ಗಂಟಲಲ್ಲಿ ಇಳಿಯುವುದು ನನಗೆ ಕೇಳುತ್ತಿತ್ತು.

ಅಳು ಕೇಳಿ ಎಲ್ಲರೂ ನನ್ನ ಕೋಣೆಯ ಬಾಗಿಲಿಗೆ ಬಂದರು. ಹಿತ್ತಲಿನಿಂದ ನಮ್ಮವರೂ ಬಂದರು, ಕಾಲೆಲ್ಲ ಸಗಣಿ. ಮಗು ಹಾಲು ಕುಡಿಯುವುದನ್ನು ನೋಡಿ ಎಲ್ಲರೂ ಒಮ್ಮೆಗೇ ಸುಮ್ಮನಾದರು. ಮನೆ ನಿಶ್ಶಬ್ದವಾದದ್ದೇ ತಡ, ಕೂಸಿನ ದವಡೆ ನಿಂತಿತು, ಕಣ್ಣು ಮುಚ್ಚಿತು.

“ಮಾತಾಡಿ ಅತ್ತೆ” ಎಂದೆ. “ನಿಲ್ಲಿಸಬೇಡಿ. ನಿಮ್ಮ ದಮ್ಮಯ್ಯ, ಬೈಯಿರಿ.”

ಅತ್ತೆಗೆ ಯಾರೂ ಜೀವಮಾನದಲ್ಲಿ ಹೀಗೆ ಕೇಳಿಕೊಂಡಿರಲಿಲ್ಲ. ಗಂಟಲು ಸರಿಮಾಡಿಕೊಂಡು ಅವ್ವನ ಕಡೆ ತಿರುಗಿ, “ಬಾಣಂತಿ ಕೋಣೇಲಿ ಸಾಂಬ್ರಾಣಿ ವಾಸ್ನೇನೇ ಇಲ್ವಲ್ಲ, ಇದೆಂತ ಬಾಣಂತನವ್ವ?” ಎಂದು ಶುರು ಮಾಡಿದರು. ಅವ್ವ ಬಿಡುವವಳಾ. ಒಂದಕ್ಕೊಂದು ಬೆಳೆಯಿತು. ಕೂಸು ಕಣ್ಣು ತೆರೆದು, ಇಬ್ಬರನ್ನೂ ಒಬ್ಬೊಬ್ಬರನ್ನಾಗಿ ನೋಡುತ್ತಾ, ಎರಡೂ ಕಡೆಯ ಹಾಲು ಖಾಲಿ ಮಾಡಿದಳು.

ಜ್ವರದ ಸಂಗತಿಯನ್ನು ಅಪ್ಪ ನಮ್ಮವರಿಗೆ ಹುಳುಮನೆಯ ಬಾಗಿಲಲ್ಲಿ ನಿಂತು ಬಿಡಿಸಿ ಹೇಳಿದ. ಎಲ್ಲ ಕೇಳಿ ನಮ್ಮವರು ಕೊನೆಗೆ ಒಂದು ಪ್ರಶ್ನೆ ಕೇಳಿದರು, “ಜ್ವರ ಅಲ್ಲದ ಮೇಲೆ ಜ್ವರ ಅಂತ ಯಾಕೆ ಕರೀತೀರಿ?” ಯಾಕೆಂದು ಈಗಲೂ ನನಗೆ ಗೊತ್ತಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಅವರು ಕಚೇರಿಗೆ ಹೋದರು. ಅತ್ತೆ ಉಳಿದರು. ಮಗನ ಊಟ ಹೋಟೆಲಿನಲ್ಲಿ ಆಗಲಿ, ತೂಕ ಏರುವ ತನಕ ತಾನು ಕದಲುವುದಿಲ್ಲ ಎಂದರು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಎರಡು ಗಂಟೆಗೊಂದು ಜಗಳ. ಹಗಲಿನಲ್ಲಿ ಹೇಗೋ ನಡೆಯುತ್ತಿತ್ತು, ರಾತ್ರಿಯದೇ ಕಷ್ಟ. ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ನಾನು ಕೂಸನ್ನು ಎತ್ತಿಕೊಂಡು ಅತ್ತೆಯನ್ನು ಅಲುಗಾಡಿಸುವುದು, ಅತ್ತೆ ಎದ್ದು ಕೂತು ಸೆರಗು ಸರಿಮಾಡಿಕೊಂಡು ಅವ್ವನನ್ನು ಕರೆಯುವುದು. ಅವ್ವ ಹುಳುಮನೆಯ ಕೆಲಸ ಬಿಟ್ಟು, ಕೈ ತೊಳೆದು, ಬಾಗಿಲಲ್ಲಿ ಕೂರುವುದು. ಮೊದಮೊದಲು ವಿಷಯಕ್ಕೇನೂ ಬರವಿರಲಿಲ್ಲ. ಬಾಣಂತಿಗೆ ಬೆಳ್ಳುಳ್ಳಿ ಸುಟ್ಟು ಕೊಡಬೇಕೋ ಹುರಿದೋ. ಕೂಸಿನ ಮೂಗು ಯಾರ ಕಡೆಯದು. ಹೊಣಕೆರೆ ಕಡೆಯ ರಾಗಿ ಮೇಲೋ ಕಾಲುವೆ ಕೆಳಗಿನ ಭತ್ತ ಮೇಲೋ. ಒಂದು ರಾತ್ರಿ ಮೂರು ಗಂಟೆಗೆ ಇಬ್ಬರೂ ಅರೆನಿದ್ದೆಯಲ್ಲಿ ಪಕ್ಷ ಅದಲುಬದಲು ಮಾಡಿಕೊಂಡು, ಅವ್ವ ರಾಗಿಯ ಪರ, ಅತ್ತೆ ಭತ್ತದ ಪರ ಮಾತಾಡಿದರು. ಕೂಸಿಗೆ ವಿಷಯ ಮುಖ್ಯವಲ್ಲ, ಸದ್ದು ಮುಖ್ಯ. ಕುಡಿದಳು.

ಜ್ವರದಲ್ಲಿದ್ದ ಹುಳುಗಳಿಗೆ ಈ ಸದ್ದು ಆಗುತ್ತದೆಯೇ ಎಂದು ಅಪ್ಪ ಒಮ್ಮೆ ಕೇಳಿದ. ಇಬ್ಬರೂ ಸೇರಿ ಅವನಿಗೇ ಬೈದರು. ಆ ಸಲ ಕೂಸು ಚೆನ್ನಾಗಿ ಕುಡಿದಳು. ಅಪ್ಪ ಮರುದಿನದಿಂದ ಜಗುಲಿಯಲ್ಲಿ ಮಲಗಿದ.

ಹತ್ತನೆಯ ದಿನದ ರಾತ್ರಿ ಜಗಳ ನಿಜವಾಗಿಬಿಟ್ಟಿತು. ಬೇರೆ ವಿಷಯ ಸಿಗದೆ ಅತ್ತೆ ನಮ್ಮ ಮದುವೆಯ ಪಾಯಸಕ್ಕೆ ಬಂದಿದ್ದರು. “ನಿಮ್ ಮನೆ ಪಾಯಸದಲ್ಲಿ ಎಲೆ ಮೇಲಿನ್ ಗೆರೆ ಕಾಣ್ತಿತ್ತು. ನಮ್ ಕಡೆಯೋರು ನೀರ್ಗೆ ಬೆಲ್ಲ ಆಕವ್ರೆ ಅಂತ ನಗಾಡುದ್ರು.” ಅವ್ವ ಕಣ್ಣಲ್ಲಿ ನೀರು ತುಂಬಿಕೊಂಡು ಎದ್ದು ಹುಳುಮನೆಗೆ ಹೋದಳು. ಒಂದು ಗಂಟೆಗೆ ಕರೆದರೆ ಬರಲಿಲ್ಲ. ಅತ್ತೆಯೂ ಗೋಡೆ ಕಡೆ ತಿರುಗಿ ಮಲಗಿದರು. ಮನೆ ತಣ್ಣಗಾಯಿತು. ಕೂಸು ಹತ್ತು ಗುಟುಕಿಗೆ ಕಣ್ಣು ಮುಚ್ಚಿದಳು. ಮೂರು ಗಂಟೆಗೂ ಅಷ್ಟೆ.

ಇನ್ನು ಐದೇ ದಿನ ಉಳಿದಿತ್ತು, ಏರಿದ್ದು ಇಳಿದರೆ ಮಂಡ್ಯ, ಮಂಡ್ಯವೆಂದರೆ ಮೂಗಿನ ನಳಿಗೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಹುಳುಮನೆಯ ಬಾಗಿಲಿಗೆ ಹೋದೆ. “ಅವ್ವ, ಪಾಯಸ ತೆಳ್ಳಗಿದ್ದದ್ದು ನಿಜ. ನಾನೂ ತಿಂದಿದ್ದೀನಿ. ಬಂದು ಜಗಳ ಆಡು” ಎಂದೆ. ಅವ್ವ ನನ್ನನ್ನು ನೋಡಿದಳು. ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. ಸೀದಾ ಅತ್ತೆಯ ಹತ್ತಿರ ಹೋಗಿ, ಮುಸುಕು ಎಳೆದು, “ನಿಮ್ ಕಡೆಯೋರು ಮುನ್ನೂರ್ ಜನ ಬತ್ತೀವಿ ಅಂದು ಐನೂರ್ ಜನ ಬಂದ್ರೆ ಪಾಯಸ ತೆಳ್ಗಾಗ್ದೆ ಇನ್ನೇನಾದದು?” ಎಂದಳು. ಅಂಥ ಜಗಳ ಆ ಊರು ಮತ್ತೆ ಕೇಳಿರಲಾರದು. ನಾಯಿಗಳೂ ಬೊಗಳಿದವು. ಕೂಸು ಬೆಳಗಿನ ತನಕ ಕುಡಿದಳು, ನಡುವೆ ಒಂದು ಸಲ ನಕ್ಕಳು. ಅದು ಅವಳ ಮೊದಲ ನಗು.

ಹದಿನೈದನೆಯ ದಿನ ಬೆಳಿಗ್ಗೆ ಇಬ್ಬರು ಅಜ್ಜಿಯರೂ ಸೇರಿ ಕೂಸಿಗೆ ಬಟ್ಟೆ ಹಾಕಿದರು. ಬೇಸಿಗೆಯ ದಿನ, ಆದರೂ ಎರಡು ಅಂಗಿ, ಅದರ ಮೇಲೆ ಉಲ್ಲನ್ ಸ್ವೆಟರು. ಸೊಂಟಕ್ಕೆ ದಪ್ಪನೆಯ ಬೆಳ್ಳಿ ಉಡಿದಾರ, ಕಾಲಿಗೆ ಕಡಗ, ಕೈಗೆ ಕಡಗ, ತಲೆಗೆ ಕುಲಾವಿ. ಎತ್ತಿಕೊಂಡರೆ ತೋಳು ಜಗ್ಗುತ್ತಿತ್ತು. ಯಾಕೆ ಇಷ್ಟೆಲ್ಲ ಎಂದರೆ, “ಆಸ್ಪತ್ರೇಲಿ ನಾಕ್ ಜನ ನೋಡ್ತಾರೆ, ಬರಿ ಮೈಲಿ ಕರ್ಕಂಡೋಗಕಾದದಾ” ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ನನಗೆ ಅನುಮಾನ ಬಂತು. ಆದರೆ ನಾನೂ ಸುಮ್ಮನಿದ್ದೆ. ನಳಿಗೆಯಿಂದ ಉಳಿಯುವುದಾದರೆ ಕೂಸಿಗೆ ರುಬ್ಬುವ ಗುಂಡು ಕಟ್ಟಲೂ ನಾನು ತಯಾರಿದ್ದೆ.

ನರ್ಸಮ್ಮ ಇಂಥವರನ್ನು ಬಹಳ ನೋಡಿದ್ದರು. “ಎಲ್ಲಾ ಬಿಚ್ಚಿ” ಎಂದರು. ಒಂದೊಂದೇ ಬಿಚ್ಚಿದೆವು. ಒಳಗಿನ ಅಂಗಿ ತೆಗೆಯುವಾಗ ಮಡಿಕೆಯಿಂದ ಕಬ್ಬಿಣದ ಅಡಕತ್ತರಿಯೊಂದು ಠಣ್ಣೆಂದು ನೆಲಕ್ಕೆ ಬಿತ್ತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಇದನ್ನೂ ತೂಗಬೇಕಾ?” ಎಂದರು ನರ್ಸಮ್ಮ.

“ದೃಷ್ಟಿ ಆಗ್ದೆ ಇರ್ಲಿ ಅಂತ ಮಡಗಿದ್ದು ಕಣಮ್ಮ. ಬಾಣಂತಿ ಮಗೀಗೆ ಕಬ್ಬಿಣ ಇರಬೇಕು” ಎಂದರು ಅತ್ತೆ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ. ಅವ್ವ ಜೋರಾಗಿ ತಲೆಯಾಡಿಸಿದಳು.

ಬರಿಮೈಯ ಕೂಸನ್ನು ತಕ್ಕಡಿಯಲ್ಲಿ ಮಲಗಿಸಿದರು. ನಾನು ಮುಳ್ಳನ್ನು ನೋಡಲಿಲ್ಲ, ನರ್ಸಮ್ಮನ ಮುಖ ನೋಡಿದೆ. ಅವರು ಕಾರ್ಡು ನೋಡಿದರು, ಮುಳ್ಳು ನೋಡಿದರು. “ಅರ್ಧ ಕೆ.ಜಿ. ಏರಿದೆ. ಮಂಡ್ಯಕ್ಕೆ ಬೇಡ” ಎಂದರು. ಅಡಕತ್ತರಿ ಇಲ್ಲದೆಯೇ ಅರ್ಧ ಕೆ.ಜಿ. ನನಗೆ ಅಲ್ಲೇ ಕೂತುಬಿಡಬೇಕು ಅನ್ನಿಸಿತು. ಅತ್ತೆ “ಇನ್ನೊಂದ್ ದಪ ತೂಗವ್ವ” ಎಂದರು. ನರ್ಸಮ್ಮ ಪಾಪ ಇನ್ನೊಮ್ಮೆ ತೂಗಿದರು. ಅಷ್ಟೇ ಇತ್ತು. ಅವ್ವನೂ ಅತ್ತೆಯೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

ನಾವು ಬಟ್ಟೆ ಹಾಕುತ್ತಿರುವಾಗ ನರ್ಸಮ್ಮ ನನ್ನನ್ನು ನೋಡಿ, “ನೀವೂ ಒಂದು ಸಲ ನಿಂತ್ಕೊಳ್ಳಿ” ಎಂದು ನೆಲದ ಮೇಲಿನ ತೂಕದ ಯಂತ್ರ ತೋರಿಸಿದರು. ನಿಂತೆ. ಹದಿನೈದು ದಿನದ ಹಿಂದೆ ಕಾರ್ಡಿನಲ್ಲಿ ಬರೆದಿದ್ದ ನನ್ನ ತೂಕಕ್ಕಿಂತ ಮೂರೂವರೆ ಕೆ.ಜಿ. ಇಳಿದಿದ್ದೆ. “ನಿಮ್ಮದನ್ನ ಮಗುವಿಗೆ ಇಳಿಸಿಕೊಟ್ಟಿದ್ದೀರಿ. ಊಟ ಮಾಡ್ತಿಲ್ವಾ?” ಎಂದು ನರ್ಸಮ್ಮ ಕೇಳಿದರು. ಮಾಡುತ್ತೇನೆ ಎಂದೆ. ತಟ್ಟೆಯ ಮುಂದೆ ಕೂರುತ್ತಿದ್ದದ್ದು ನಿಜ. ತುತ್ತು ಕೈಯಲ್ಲಿ ಹಿಡಿದೇ ಎಷ್ಟೋ ಸಲ ಕಣ್ಣು ಮುಚ್ಚಿಹೋಗಿತ್ತು. ಮನೆಯಲ್ಲಿ ಎಲ್ಲರ ಕಣ್ಣೂ ಕೂಸಿನ ಬಾಯಿಯ ಮೇಲಿತ್ತು, ನನ್ನ ಕಣ್ಣೂ ಅಲ್ಲೇ ಇತ್ತು.

ಅವ್ವನಿಗೆ ಓದು ಬಾರದು, ಆದರೆ ತಕ್ಕಡಿ ಮುಳ್ಳು ಗೊತ್ತು. ಗೂಡಿನ ಮಾರುಕಟ್ಟೆಯಲ್ಲಿ ನಿಂತು ಪಳಗಿದವಳು. ಮುಳ್ಳನ್ನು ನೋಡಿದಳು, ಆಮೇಲೆ ನನ್ನ ಕುತ್ತಿಗೆಯ ಮೂಳೆ ನೋಡಿದಳು. ಬಸ್ಸಿನಲ್ಲಿ ಅತ್ತೆ ಎರಡು ಸೀಟಿನವರಿಗೆ ಅರ್ಧ ಕೆ.ಜಿ.ಯ ಸಂಗತಿ ಹೇಳುತ್ತಿದ್ದರೂ ಅವ್ವನ ಕಣ್ಣು ದಾರಿಯುದ್ದಕ್ಕೂ ನನ್ನ ಮೇಲೇ ಇತ್ತು.

ಅವತ್ತು ಹುಳುಗಳು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಇಡೀ ಬೆಳೆಯಲ್ಲೇ ಅತಿ ಹೆಚ್ಚು ತಿನ್ನುವ ಕಾಲ ಅದು, ಹಾಕಿದ ಸೊಪ್ಪು ಹಾಕಿದ ಹಾಗೆ ಮಾಯವಾಗುತ್ತದೆ. ಆ ದಿನಗಳಲ್ಲಿ ಅವ್ವ ಹುಳುಮನೆ ಬಿಟ್ಟು ಕದಲಿದ್ದನ್ನು ನಾನು ಕಂಡಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಕೂಸಿಗೆ ಹಾಲು ಕೊಟ್ಟು ಮಲಗಿದೆ. ನಡುರಾತ್ರಿ ಯಾರೋ ಹೆಗಲು ಹಿಡಿದು ಅಲುಗಾಡಿಸಿದರು. ಹೊತ್ತಾಯಿತೇನೋ ಎಂದು ಕಣ್ಣು ಮುಚ್ಚಿಕೊಂಡೇ ಕೂಸಿಗಾಗಿ ತಡಕಾಡಿದೆ. ಕೂಸು ಅತ್ತೆಯ ತೋಳಿನಲ್ಲಿ ಮಲಗಿತ್ತು. ನನ್ನ ಮುಂದೆ ಅವ್ವ ಕುಳಿತಿದ್ದಳು, ತಟ್ಟೆಯಲ್ಲಿ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ಗೋಡೆಯಾಚೆ ಅಪ್ಪ ಒಬ್ಬನೇ ಸೊಪ್ಪು ಹಾಕುತ್ತಿದ್ದ ಸದ್ದು.

“ಏಳವ್ವ, ಉಣ್ಣು.”

“ಹಸಿವಿಲ್ಲ. ನಿದ್ದೆ ಬರ್ತಿದೆ” ಎಂದು ಮತ್ತೆ ಒರಗಿದೆ.

ಒದ್ದೆ ಕೈಯಲ್ಲಿ ನನ್ನ ಮುಖ ಒರೆಸಿದಳು. ತುತ್ತು ಕಲಸಿ ಬಾಯಿಗಿಟ್ಟಳು. ಎರಡು ತುತ್ತು ನುಂಗಿದೆ. ಮೂರನೆಯದು ಬಾಯಲ್ಲಿರುವಾಗಲೇ ದವಡೆ ನಿಂತಿತು, ಕಣ್ಣು ಮುಚ್ಚಿತು. ಅವ್ವ ನನ್ನ ಕಿವಿ ಹಿಂಡಿದಳು. ಮೆಲ್ಲಗೇನೂ ಅಲ್ಲ.

“ಮಲಗಿರೋರನ್ನ ಎಬ್ಬಿಸಬಾರದು ಅಂತ ದಿನಾ ಬೈತಿದ್ದೋಳು ನೀನೇ ಅಲ್ವಾ?” ಎಂದೆ ಸಿಟ್ಟಿನಿಂದ.

“ಅದು ನಿನ್ ಕೂಸಿನ್ ಮಾತು ಕಣವ್ವ” ಎಂದಳು, ಇನ್ನೊಂದು ತುತ್ತು ಹಿಡಿದು. “ಇದು ನನ್ ಕೂಸು. ಬಾಯ್ ತಗಿ.”

ಬೈಯಬೇಕು ಅನ್ನಿಸಿತು, ಅಳಬೇಕು ಅನ್ನಿಸಿತು. ಬಾಯಿ ತುಂಬ ಅನ್ನವಿದ್ದದ್ದರಿಂದ ಎರಡೂ ಆಗಲಿಲ್ಲ.